ಒಂದು ಹಲ್ಲಿನ ಲೆಕ್ಕ

ಹಳೇ ಬೈಕ್ ಇಟ್ಟುಕೊಂಡವರು ಮೊದಲ ಸಲ ರೇಸ್ ಟ್ರ್ಯಾಕ್‌ಗೆ ಹೋಗುವಾಗ ಕೇಳುವ ಪ್ರಶ್ನೆ ಹೆಚ್ಚೂ ಕಡಿಮೆ ಒಂದೇ: "ಅಲ್ಲಿಗೆ ಯಾವ ಸ್ಪ್ರಾಕೆಟ್ ಹಾಕ್ಲಿ?" ಉತ್ತರ ಕೊಡುವವರೂ ಧಾರಾಳ. ಪಿಕಪ್ ಬೇಕಾ, ಹಿಂದೆ ದೊಡ್ಡದು ಹಾಕು. ಟಾಪ್ ಸ್ಪೀಡ್ ಬೇಕಾ, ಚಿಕ್ಕದು ಹಾಕು. ಮುಗೀತು.

ಎರಡೂ ಸುಳ್ಳಲ್ಲ. ಆದ್ರೆ ನೋಡಿಲ್ಲದ ಟ್ರ್ಯಾಕ್‌ಗೆ ಹೋಗುವವನಿಗೆ ಇದರಿಂದ ಏನೂ ಉಪಯೋಗವಿಲ್ಲ. ಎಷ್ಟು ಪಿಕಪ್ ಬೇಕು, ಎಷ್ಟು ಸ್ಪೀಡ್ ಸಿಗುತ್ತೆ ಅನ್ನೋದು ಗೊತ್ತಿಲ್ಲದ್ದೇ ಅವನ ಸಮಸ್ಯೆ.

ನನ್ನದು ರಾಜ್‌ದೂತ್ 350. ಎಸ್ಕಾರ್ಟ್ಸ್ ಕಂಪನಿ ಯಮಹಾ ಪರವಾನಗಿಯಲ್ಲಿ 1983ರಿಂದ ತಯಾರಿಸಿದ ಬೈಕ್. 347 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಆರು ಗೇರ್. ಎಲ್ಲರ ಬಾಯಲ್ಲೂ ಅದು ಆರ್‌ಡಿ. ಬೆಂಗಳೂರಿನ ನಮ್ಮಂಥವರಿಗೆ ಹತ್ತಿರದ ದೊಡ್ಡ ಟ್ರ್ಯಾಕ್ ಅಂದ್ರೆ ಶ್ರೀಪೆರಂಬುದೂರು ಪಕ್ಕದ ಇರುಂಗಾಟ್ಟುಕೋಟ್ಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಒಂದು ಸುತ್ತು 3.7 ಕಿ.ಮೀ. ಇಲ್ಲಿಂದ ಸುಮಾರು 300 ಕಿ.ಮೀ. ದೂರ. ಬೈಕನ್ನು ಟೆಂಪೋಗೆ ಏರಿಸಿಕೊಂಡು ಹೋದರೆ, ದಿನಕ್ಕೆ ಸಿಗೋದು ಹದಿನೈದಿಪ್ಪತ್ತು ನಿಮಿಷದ ಕೆಲವು ಸೆಷನ್ ಮಾತ್ರ. ಅದರಲ್ಲಿ ಅರ್ಧವನ್ನು ತಪ್ಪು ಸ್ಪ್ರಾಕೆಟ್ ಜೊತೆ ಜಗಳವಾಡುತ್ತಾ ಕಳೆಯೋದು ಯಾರಿಗೂ ಬೇಡ.

ಅಲ್ಲಿಗೆ ಮೊದಲ ಸಲ ಹೋಗುವ ಮುನ್ನ ನಾನು ಹಾಕಿದ ಲೆಕ್ಕ ಇಲ್ಲಿದೆ. ನಿಮ್ಮದು ಯೆಜ್ಡಿ ಆಗಿರಲಿ, ಆರ್‌ಎಕ್ಸ್ 100 ಆಗಿರಲಿ, ಸಂಖ್ಯೆಗಳು ಬೇರೆಯಾಗುತ್ತವೆ, ದಾರಿ ಇದೇ.

ಹಲ್ಲು ಮಾಡುವ ಕೆಲಸ

ಮುಂದಿನ ಸ್ಪ್ರಾಕೆಟ್ ಎಂಜಿನ್ ಕಡೆಯದು, ಹಿಂದಿನದು ಚಕ್ರದ್ದು. ನನ್ನ ಬೈಕ್‌ನಲ್ಲಿ ಮುಂದೆ 15 ಹಲ್ಲು, ಹಿಂದೆ 40 ಇತ್ತು. ಹಿಂದೆ ಹಲ್ಲು ಜಾಸ್ತಿಯಾದಷ್ಟೂ ಚಕ್ರ ಒಂದು ಸುತ್ತು ತಿರುಗೋಕೆ ಎಂಜಿನ್ ಹೆಚ್ಚು ಸುತ್ತು ತಿರುಗಬೇಕು. ಸೈಕಲ್‌ನಲ್ಲಿ ದಿಣ್ಣೆ ಹತ್ತುವಾಗ ಹಾಕುವ ಗೇರ್ ಥರ. ಹಲ್ಲು ಕಡಿಮೆಯಾದರೆ ಎಂಜಿನ್ ನಿಧಾನ, ಚಕ್ರ ವೇಗ. ಇದನ್ನು ಉದ್ದದ ಗೇರಿಂಗ್ ಅನ್ನೋಣ, ಮೊದಲನೆಯದನ್ನು ಗಿಡ್ಡದ್ದು ಅನ್ನೋಣ.

ಹಿಂದೆ ಒಂದು ಹಲ್ಲು ಬದಲಿಸಿದರೆ ಶೇ. 2.5ರಷ್ಟು ವ್ಯತ್ಯಾಸ. ಮುಂದೆ ಒಂದು ಹಲ್ಲು ಬದಲಿಸಿದರೆ ಶೇ. 6.7. ಅಂದ್ರೆ ಮುಂದಿನ ಒಂದು ಹಲ್ಲು ಹಿಂದಿನ ಎರಡೂವರೆ, ಮೂರು ಹಲ್ಲಿಗೆ ಸಮ. ಮುಂದಿನದು ಅಗ್ಗ, ಬೇಗ ಬದಲಿಸಬಹುದು, ಆದ್ರೆ ಹೆಜ್ಜೆ ದೊಡ್ಡದು. ಸೂಕ್ಷ್ಮವಾಗಿ ಹೊಂದಿಸೋಕೆ ಹಿಂದಿನದೇ ಬೇಕು.

ಒಂದು ಮಾತು ನೆನಪಿರಲಿ. ಸ್ಪ್ರಾಕೆಟ್ ಬದಲಿಸಿದರೆ ಎಲ್ಲಾ ಗೇರ್‌ಗಳೂ ಒಟ್ಟಿಗೆ ಜರುಗುತ್ತವೆ. ಒಂದು ಗೇರಿಗೂ ಇನ್ನೊಂದಕ್ಕೂ ಇರುವ ಅಂತರ ಗೇರ್‌ಬಾಕ್ಸ್ ಒಳಗಿನದು, ಅದು ಹಾಗೇ ಇರುತ್ತೆ.

ಚಾಕ್‌ಪೀಸ್ ಮತ್ತು ಫೋನ್

ಪುಸ್ತಕದ ಅಂಕಿಗಳಿಗಿಂತ ನಿಮ್ಮ ಬೈಕನ್ನೇ ಅಳೆಯೋದು ಒಳ್ಳೇದು. ನಲವತ್ತು ವರ್ಷದ ಗಾಡಿಯೊಳಗೆ ಯಾರ್ಯಾರು ಯಾವ್ಯಾವ ಗೇರ್ ಹಾಕಿದ್ದಾರೋ ಯಾರಿಗೆ ಗೊತ್ತು!

ಹಿಂದಿನ ಟೈರಿಗೂ ನೆಲಕ್ಕೂ ಚಾಕ್‌ನಲ್ಲಿ ಗುರುತು ಹಾಕಿ, ಗೆಳೆಯನನ್ನು ಮೇಲೆ ಕೂರಿಸಿ, ಒಂದು ಸುತ್ತು ತಳ್ಳಿ, ಟೇಪ್ ಹಿಡಿಯಿರಿ. ನನ್ನದು 2 ಮೀಟರ್ ಬಂತು. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದೇ ಗೇರಿಗೆ ಹಾಕಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ ಕ್ರ್ಯಾಂಕ್ ಎಷ್ಟು ಸುತ್ತು ಬರುತ್ತೆ ಎಣಿಸಿ. ಹತ್ತು ಸುತ್ತು ಚಕ್ರ ತಿರುಗಿಸಿ ಹತ್ತರಿಂದ ಭಾಗಿಸಿದರೆ ಲೆಕ್ಕ ನಿಖರ. ಆರನೇ ಗೇರಲ್ಲಿ ನನಗೆ ಸಿಕ್ಕಿದ್ದು 6.8, ಎರಡನೇದರಲ್ಲಿ 13.6, ಮೂರನೇದರಲ್ಲಿ 10.1.

ಎಂಜಿನ್ ಆರ್‌ಪಿಎಂ ಅನ್ನು ಆ ಸಂಖ್ಯೆಯಿಂದ ಭಾಗಿಸಿ, ಟೈರ್ ಸುತ್ತಳತೆಯಿಂದ ಗುಣಿಸಿ, 60ರಿಂದ ಗುಣಿಸಿ, 1,000ದಿಂದ ಭಾಗಿಸಿ. ಗಂಟೆಗೆ ಎಷ್ಟು ಕಿ.ಮೀ. ಅಂತ ಬರುತ್ತೆ. ಫೋನ್‌ನಲ್ಲಿ ಒಂದು ಶೀಟ್ ಮಾಡಿಟ್ಟರೆ ಜೀವನಪೂರ್ತಿ ಸಾಕು. 8,000 ಆರ್‌ಪಿಎಂಗೆ ನನ್ನ ಶೀಟ್ ಹೇಳಿದ್ದು ಇದು:

ಹಿಂದೆ 40 ಹಲ್ಲು: ಎರಡನೇ ಗೇರಲ್ಲಿ 71, ಐದರಲ್ಲಿ 130, ಆರರಲ್ಲಿ 141 ಕಿ.ಮೀ.
ಹಿಂದೆ 38 ಹಲ್ಲು: ಎರಡರಲ್ಲಿ 74, ಐದರಲ್ಲಿ 137, ಆರರಲ್ಲಿ 149.
ಹಿಂದೆ 42 ಹಲ್ಲು: ಎರಡರಲ್ಲಿ 67, ಐದರಲ್ಲಿ 124, ಆರರಲ್ಲಿ 134.

8,000 ಯಾಕೆ? ನನ್ನ ಎಂಜಿನ್ 6,000ದಿಂದ 8,000ದವರೆಗೆ ಮಾತ್ರ ಜೀವಂತ. 6,000ಕ್ಕಿಂತ ಕೆಳಗೆ ನಿದ್ದೆ, 8,000 ದಾಟಿದರೆ ಸದ್ದು ಮಾತ್ರ. ರೇಸ್‌ಗೆ ಸಿದ್ಧಮಾಡಿದ ಟೂ ಸ್ಟ್ರೋಕ್‌ಗಳ ಗುಣವೇ ಇದು. ಈ ಕಿಟಕಿ ಚಿಕ್ಕದಾದಷ್ಟೂ ಗೇರ್ ಜಾಸ್ತಿ ಬೇಕು. ಅದಕ್ಕೇ 1966ರ ಹೋಂಡಾ 50 ಸಿಸಿ ರೇಸ್ ಬೈಕಿಗೆ ಒಂಬತ್ತು ಗೇರ್ ಇತ್ತು, 1967ರ ಸುಜುಕಿ 50 ಸಿಸಿಗೆ ಹದಿನಾಲ್ಕು! ಆಮೇಲೆ ನಿಯಮ ಬಂದು ಆರಕ್ಕೆ ಮಿತಿ ಹಾಕಿದರು. ನಮಗಿರೋದೂ ಆರೇ. ಹಾಗಾಗಿ ಉಳಿದ ಕೆಲಸವನ್ನು ಸ್ಪ್ರಾಕೆಟ್ ಮಾಡಬೇಕು.

ನೇರ ದಾರಿ ಅಲ್ಲ, ತಿರುವು ನೋಡಿ

ಎಲ್ಲರೂ ಮೊದಲು ಯೋಚಿಸೋದು ಟ್ರ್ಯಾಕ್‌ನ ಅತಿ ಉದ್ದದ ನೇರ ದಾರಿ ಬಗ್ಗೆ. "ಕೊನೆಯಲ್ಲಿ ಆರನೇ ಗೇರಲ್ಲಿ ಕೆಂಪು ಗೆರೆ ಮುಟ್ಟಬೇಕು, ಅಷ್ಟೇ ಲೆಕ್ಕ" ಅನ್ನುತ್ತಾರೆ. ಎರಡನೇ ಮಹಾಯುದ್ಧ ಕಾಲದ ವಿಮಾನದ ರನ್‌ವೇ ಮೇಲೆ ನಡೆಯುತ್ತಿದ್ದ ಹಳೇ ಷೋಲಾವರಂ ರೇಸ್‌ಗಳಿಗೆ ಆ ಮಾತು ಹೊಂದುತ್ತಿತ್ತೇನೋ. ತಿರುವುಗಳೇ ತುಂಬಿರುವ ಈಗಿನ ಟ್ರ್ಯಾಕ್‌ನಲ್ಲಿ ಹೆಚ್ಚು ಹೊತ್ತು ನೀವು ಇರೋದು ಎರಡನೇ ಗೇರಿಂದ ನಾಲ್ಕನೇ ಗೇರಿನ ಒಳಗೆ. ಆರನೇ ಗೇರ್ ಬಳಕೆಯಾಗೋದು ಕೆಲವೇ ಸೆಕೆಂಡು.

ಅದಕ್ಕೇ ನಾನು ಮೊದಲು ನಿಧಾನದ ತಿರುವನ್ನು ಹುಡುಕುತ್ತೇನೆ. ಫೋನ್‌ನ ಉಪಗ್ರಹ ನಕ್ಷೆಯಲ್ಲಿ ದೂರ ಅಳೆಯುವ ಸೌಲಭ್ಯ ಇದೆಯಲ್ಲ, ಅದರಲ್ಲಿ ಬೈಕ್ ಹಾಯುವ ಗೆರೆಯ ತ್ರಿಜ್ಯವನ್ನು ಅಂದಾಜು ಮಾಡಬಹುದು. ಉದಾಹರಣೆಗೆ ಒಂದು ತಿರುವಿನ ತ್ರಿಜ್ಯ 40 ಮೀಟರ್ ಅಂತಿಟ್ಟುಕೊಳ್ಳಿ. ಬೈಕನ್ನು 35 ಡಿಗ್ರಿ ವಾಲಿಸಿದರೆ ಅಲ್ಲಿ 60 ಕಿ.ಮೀ. ವೇಗ ಸಾಧ್ಯ. 40 ಡಿಗ್ರಿ ವಾಲಿಸಿದರೆ 65. ಇದು ಹೈಸ್ಕೂಲ್ ಭೌತಶಾಸ್ತ್ರ, ಇದರಲ್ಲಿ ಗುಟ್ಟೇನಿಲ್ಲ.

ಈಗ 65 ಕಿ.ಮೀ.ಗೆ ನನ್ನ 40 ಹಲ್ಲಿನ ಲೆಕ್ಕ ನೋಡಿ. ಮೂರನೇ ಗೇರಲ್ಲಿ ಎಂಜಿನ್ 5,500ರ ಆಸುಪಾಸು. ನಿದ್ದೆ! ತ್ರಾಟಲ್ ತಿರುಗಿಸಿದರೆ ಮೊದಲು ಏನೂ ಆಗಲ್ಲ, ಆಮೇಲೆ 6,000 ಮುಟ್ಟಿದ ಕೂಡಲೇ ಶಕ್ತಿ ಒಮ್ಮೆಲೇ ನುಗ್ಗುತ್ತೆ, ಬೈಕ್ ಇನ್ನೂ ವಾಲಿಕೊಂಡಿರುವಾಗಲೇ. ಹಿಂದಿನ ಚಕ್ರ ಜಾರೋದು ಇಂಥ ಹೊತ್ತಲ್ಲಿ. ಎರಡನೇ ಗೇರಲ್ಲಿದ್ದರೆ 7,400. ಶಕ್ತಿ ಇದೆ, ಆದ್ರೆ 71 ಕಿ.ಮೀ.ಗೇ 8,000 ಮುಗಿಯುತ್ತೆ. ಬೈಕ್ ನೆಟ್ಟಗಾಗುವ ಮೊದಲೇ ಗೇರ್ ಬದಲಿಸಬೇಕು. ಅದೂ ಅಪಾಯದ್ದೇ.

ಇಂಥಲ್ಲಿ ಬಹಳ ಜನರ ಕೈ ದೊಡ್ಡ ಸ್ಪ್ರಾಕೆಟ್ ಕಡೆ ಹೋಗುತ್ತೆ, ಪಿಕಪ್ ಬರಲಿ ಅಂತ. 42 ಹಾಕಿದರೆ ಮೂರನೇ ಗೇರಲ್ಲಿ 5,740. ಈಗಲೂ ನಿದ್ದೆಯೇ. ಎರಡನೇದರಲ್ಲಿ 67 ಕಿ.ಮೀ.ಗೇ ಖತಂ. ಪರಿಸ್ಥಿತಿ ಇನ್ನೂ ಕೆಟ್ಟಿತು.

ಅದರ ಬದಲು 38 ಹಾಕಿ ನೋಡಿ. ಎರಡನೇ ಗೇರಲ್ಲಿ 65ಕ್ಕೆ ಸರಿಯಾಗಿ 7,000. ಅಲ್ಲಿಂದ 74 ಕಿ.ಮೀ.ವರೆಗೂ ಎಳೆಯಬಹುದು. ಹೆಚ್ಚುವರಿಯಾಗಿ ಸಿಗೋದು ಬರೀ 3 ಕಿ.ಮೀ. ಅನ್ನಿಸಬಹುದು. ಆದ್ರೆ ತಿರುವಿನಿಂದ ಮೆಲ್ಲಗೆ ವೇಗ ಹೆಚ್ಚಿಸಿಕೊಂಡು ಬರುವಾಗ ಅದು ಅರ್ಧ ಸೆಕೆಂಡ್, ಒಂಬತ್ತು ಹತ್ತು ಮೀಟರ್. ಬೈಕ್ ನೆಟ್ಟಗಾಗೋಕೆ ಅಷ್ಟು ಸಾಕು. ಅಂದ್ರೆ ತಿರುವಿನಿಂದ ಚೆನ್ನಾಗಿ ಹೊರಬರೋಕೆ ಬೇಕಾಗಿದ್ದು ಉದ್ದದ ಗೇರಿಂಗ್, ಗಿಡ್ಡದ್ದಲ್ಲ. ಲೆಕ್ಕ ಹಾಕದೇ ಇದ್ದರೆ ಇದು ಹೊಳೆಯೋದು ಕಷ್ಟ.

ಹಾಗಾದ್ರೆ ಆರನೇ ಗೇರ್ ಗತಿ? 149 ಕಿ.ಮೀ. ಮುಟ್ಟೋಕೆ ನನ್ನ ಎಂಜಿನ್‌ನಲ್ಲಿ ದಮ್ಮಿಲ್ಲ. ಬೇಡ ಬಿಡಿ. 38 ಹಲ್ಲಿಗೆ ಐದನೇ ಗೇರಲ್ಲೇ 137 ಬರುತ್ತೆ. ಆರನೇದು ಎಂಜಿನ್ ಉಸಿರಾಡೋಕೆ ಇರಲಿ. ಎಲ್ಲಾ ಗೇರನ್ನೂ ಕೊನೆವರೆಗೂ ಹಿಂಡಲೇಬೇಕು ಅಂತ ಯಾವ ನಿಯಮವೂ ಇಲ್ಲ.

ಹೊಸ ಟ್ರ್ಯಾಕ್‌ಗೆ ಉದ್ದದ್ದೇ ಮೊದಲು

ಉದ್ದದಿಂದ ಶುರು ಮಾಡಿ ಅನ್ನೋಕೆ ಇನ್ನೂ ಎರಡು ಕಾರಣ ಇವೆ.

ಮೊದಲನೇದು ಎಂಜಿನ್. ಗಿಡ್ಡ ಗೇರಿಂಗ್‌ನಲ್ಲಿ ನೇರ ದಾರಿಯ ಅರ್ಧಕ್ಕೇ 8,000 ಮುಟ್ಟುತ್ತೀರಿ. ಉಳಿದರ್ಧ ಎಂಜಿನ್ ಕಿರುಚುತ್ತಿರುತ್ತೆ. ತುದಿಯಲ್ಲಿ ಬ್ರೇಕ್‌ಗೆ ಅಂತ ತ್ರಾಟಲ್ ಮುಚ್ಚುತ್ತೀರಿ. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್‌ಗೆ ಆಯಿಲ್ ಬರೋದು ಒಳಗೆ ಬರುವ ಮಿಶ್ರಣದ ಜೊತೆ. ತ್ರಾಟಲ್ ಮುಚ್ಚಿದಾಗ ಸುತ್ತು ಜಾಸ್ತಿ, ಆಯಿಲ್ ಕಡಿಮೆ. ಎಂಜಿನ್ ಜಾಮ್ ಆಗೋದು ಬಹಳ ಸಲ ಅಲ್ಲೇ. ಆಗ ಹಿಂದಿನ ಚಕ್ರ ಲಾಕ್ ಆಗುತ್ತೆ, ಕ್ಲಚ್ ಹಿಡಿಯೋಕೆ ಸಿಗೋದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅದಕ್ಕೇ ಹಳೇ ಟೂ ಸ್ಟ್ರೋಕ್ ಸವಾರರ ಎರಡು ಬೆರಳು ಸದಾ ಕ್ಲಚ್ ಲಿವರ್ ಮೇಲೆ. ಬಿದ್ದವನ ಮೂಳೆ ಕೂಡಬಹುದು, ಸಿಲಿಂಡರ್ ಕತೆ ಬೇರೆ. ಜಾಮ್ ಆದ ಸಿಲಿಂಡರ್ ಗೀರಿದ್ದರೆ ಅದನ್ನು ಕೊರೆದು ಕಾಲು ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಬೇಕು. ಹೀಗೆ ಕೊರೆಯೋಕೆ ಗೋಡೆ ಎಷ್ಟು ಸಲ ಉಳಿದೀತು? ಒಂದೊಂದು ಜಾಮ್‌ಗೂ ಆ ಬೈಕಿನ ಆಯಸ್ಸು ಒಂದೊಂದು ಮೆಟ್ಟಿಲು ಇಳಿಯುತ್ತೆ.

ಎರಡನೇ ಕಾರಣ ನೀವೇ. ಬೆಳಿಗ್ಗೆ ಮೊದಲ ಸೆಷನ್‌ನಲ್ಲಿ ಯಾವ ತಿರುವು ಎಲ್ಲಿ ಮುಗಿಯುತ್ತೆ ಗೊತ್ತಿರಲ್ಲ. 35 ಡಿಗ್ರಿಗಿಂತ ಹೆಚ್ಚು ವಾಲಿಸೋಕೆ ಧೈರ್ಯ ಸಾಲದು, 60 ಕಿ.ಮೀ.ನಲ್ಲಿ ಹೋಗುತ್ತೀರಿ. ಮಧ್ಯಾಹ್ನಕ್ಕೆ ಅದೇ ತಿರುವಲ್ಲಿ 65. ಬೆಳಗಿನ ನಿಮಗೆ ಹೊಂದುವ ಸ್ಪ್ರಾಕೆಟ್ ಮಧ್ಯಾಹ್ನದ ನಿಮಗೆ ಗಿಡ್ಡ ಆಗಿರುತ್ತೆ. ಉದ್ದದ ಗೇರಿಂಗ್ ಬೆಳಿಗ್ಗೆ ಸ್ವಲ್ಪ ಸೋಮಾರಿ ಅನ್ನಿಸುತ್ತೆ, ಗೇರ್ ಬದಲಿಸುವ ಗಡಿಬಿಡಿಯೂ ಕಡಿಮೆ. ಆ ಬಿಡುವಲ್ಲಿ ಟ್ರ್ಯಾಕ್ ಕಲಿಯಬಹುದು. ನೀವು ಕಲಿತ ಹಾಗೆ ಗೇರಿಂಗ್ ತಾನಾಗಿ ಸರಿಹೊಂದುತ್ತಾ ಬರುತ್ತೆ.

ನನ್ನ ಪಾಲಿಗೆ ಸ್ಪ್ರಾಕೆಟ್ ಆಯ್ಕೆಯ ಸಾರ ಇದೇ. ಹೊಸ ಟ್ರ್ಯಾಕ್‌ಗೆ ಸರಿಯಾದ ಗೇರಿಂಗ್ ಅನ್ನೋದು ಟ್ರ್ಯಾಕ್‌ನಲ್ಲಿ ಮಾತ್ರ ಇಲ್ಲ, ಅರ್ಧ ಸವಾರನಲ್ಲಿದೆ. ಅದೇ ಜಾಗ, ಅದೇ ಬೈಕ್, ಬೇರೆ ಸವಾರ ಅಂದ್ರೆ ಬೇರೆ ಹಲ್ಲು. ಅಲ್ಲಿ ವರ್ಷಗಟ್ಟಲೆ ಓಡಿಸಿದವನ ಸ್ಪ್ರಾಕೆಟ್ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ, ಖಂಡಿತ. ಆದ್ರೆ ಮೊದಲ ದಿನವೇ ಅದನ್ನು ಹಾಕಬೇಡಿ. ಅವನು ತಿರುವಿಗೆ ಬರುವ ವೇಗಕ್ಕೆ ನೀವು ಬರಲ್ಲ.

ಬೆಂಗಳೂರು ಗಾಳಿ, ಚೆನ್ನೈ ಗಾಳಿ

ಇದು ನಮ್ಮೂರಿನವರು ವಿಶೇಷವಾಗಿ ಗಮನಿಸಬೇಕಾದ ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಚೆನ್ನೈಗಿಂತ ಶೇ. 10ರಷ್ಟು ಕಡಿಮೆ. ಇಲ್ಲಿ ಕಾರ್ಬ್ಯುರೇಟರ್ ಚೆನ್ನಾಗಿ ಹೊಂದಿಸಿಕೊಂಡು ಘಟ್ಟ ಇಳಿದರೆ, ಅಲ್ಲಿನ ದಟ್ಟ ಗಾಳಿಗೆ ಪೆಟ್ರೋಲ್ ಸಾಲದಾಗುತ್ತೆ. ಮಿಶ್ರಣ ತೆಳುವಾದರೆ ಪಿಸ್ಟನ್ ಕಾಯುತ್ತೆ, ಜಾಮ್‌ಗೆ ಅದೇ ಆಹ್ವಾನ. ಚೆನ್ನೈ ಸೆಕೆ ಗಾಳಿಯನ್ನು ಸ್ವಲ್ಪ ಹಗುರ ಮಾಡುತ್ತೆ ನಿಜ, ಆದ್ರೆ ಪೂರ್ತಿ ಸರಿದೂಗಿಸಲ್ಲ. ಮೇನ್ ಜೆಟ್ ಒಂದೆರಡು ಸೈಜ್ ದೊಡ್ಡದು ಹಾಕಿಕೊಂಡೇ ಮೊದಲ ಸೆಷನ್‌ಗೆ ಇಳಿಯಿರಿ. ಪ್ಲಗ್ ಬಣ್ಣ ನೋಡಿ ಆಮೇಲೆ ಇಳಿಸಬಹುದು.

ದಟ್ಟ ಗಾಳಿಯಲ್ಲಿ ಎಂಜಿನ್ ಶಕ್ತಿ ಹೆಚ್ಚುತ್ತೆ, ಹಾಗಾಗಿ ಟಾಪ್ ಸ್ಪೀಡೂ ಹೆಚ್ಚುತ್ತೆ ಅಂತ ಕೆಲವರ ಲೆಕ್ಕ. ಹಾಗಾಗಲ್ಲ. ಎದುರಿಗೆ ತಳ್ಳುವ ಗಾಳಿಯೂ ಅಷ್ಟೇ ದಟ್ಟ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತೆ. ಲಾಭ ಕಾಣೋದು ತಿರುವಿನಿಂದ ಹೊರಬರುವಾಗ. ಅಲ್ಲಿ ಗಾಳಿಯ ತಡೆ ಕಡಿಮೆ, ಹೆಚ್ಚಿದ ಶಕ್ತಿ ಪೂರ್ತಿ ಚಕ್ರಕ್ಕೆ ಸಿಗುತ್ತೆ. ಉದ್ದದ ಗೇರಿಂಗ್ ಎಳೆಯೋಕೆ ಇದೂ ಒಂದು ಸಹಾಯ.

ಅಲ್ಲಿ ಹೋದ ಮೇಲೆ

ನಾನು ಹಿಂದಿನ ನಾಲ್ಕು ಸ್ಪ್ರಾಕೆಟ್ ತೆಗೆದುಕೊಂಡು ಹೋಗಿದ್ದೆ: 38, 39, 40, 41. ಚೈನ್ ಒಂದೇ. ಅದನ್ನು 41ಕ್ಕೆ ಸರಿಯಾಗುವಂತೆ ಕತ್ತರಿಸಬೇಕು. ನನ್ನ ಚೈನಿನ ಪಿಚ್ 15.875 ಮಿ.ಮೀ., ಹಾಗಾಗಿ ಹಿಂದೆ ಒಂದು ಹಲ್ಲು ಕಡಿಮೆ ಮಾಡಿದರೆ ಚಕ್ರ ಸುಮಾರು 4 ಮಿ.ಮೀ. ಹಿಂದೆ ಸರಿಯಬೇಕು. 41ರಿಂದ 38ಕ್ಕೆ 12 ಮಿ.ಮೀ. ಅಷ್ಟು ಜಾಗ ಸ್ವಿಂಗ್ ಆರ್ಮ್‌ನಲ್ಲಿ ಇದೆಯಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಚಕ್ರ ಸರಿದಾಗೆಲ್ಲಾ ಬ್ರೇಕ್ ರಾಡ್ ಮತ್ತೆ ಹೊಂದಿಸಬೇಕು, ಆಕ್ಸಲ್ ನಟ್‌ಗೆ ಹೊಸ ಪಿನ್ ಹಾಕಬೇಕು, ಸ್ಪ್ರಾಕೆಟ್ ಬೋಲ್ಟ್‌ಗಳ ಲಾಕ್ ವಾಷರ್ ಮಡಚಬೇಕು. ಬಿಸಿಲಲ್ಲಿ ಅವಸರದ ಕೆಲಸ, ಇನ್ನೊಬ್ಬರ ಕಣ್ಣಿಗೂ ತೋರಿಸಿ.

ಸೆಷನ್ ಮುಗಿಸಿ ಬಂದ ಕೂಡಲೇ, ಹೆಲ್ಮೆಟ್ ತೆಗೆದು ನೀರು ಕುಡಿಯುವ ಮೊದಲೇ, ಮೂರು ವಿಷಯ ಬರೆದಿಡಿ. ನೇರ ದಾರಿಯ ತುದಿಯಲ್ಲಿ ಬ್ರೇಕ್‌ಗೆ ಮುಂಚೆ ಯಾವ ಗೇರ್, ಎಷ್ಟು ಆರ್‌ಪಿಎಂ? ನಿಧಾನದ ತಿರುವಲ್ಲಿ ಯಾವ ಗೇರ್, ಎಷ್ಟು? ಎಲ್ಲಾದರೂ ವಾಲಿಕೊಂಡೇ ಗೇರ್ ಬದಲಿಸಬೇಕಾಯಿತಾ? ಈ ಮೂರರಲ್ಲಿ ಕೊನೆಯದೇ ಮುಖ್ಯ. ಲ್ಯಾಪ್ ಟೈಮ್ ಆಮೇಲೆ ನೋಡಿದರಾಯಿತು.

ನನ್ನ ದಿನ ಹೀಗಿತ್ತು. 38ರಲ್ಲಿ ಶುರು. ಮೊದಲ ಸೆಷನ್‌ನಲ್ಲಿ ತುದಿಯಲ್ಲಿ ಆರನೇ ಗೇರಲ್ಲಿ 7,200, ಅಂದ್ರೆ 134 ಕಿ.ಮೀ. ವಾಲಿಕೊಂಡು ಗೇರ್ ಬದಲಿಸುವ ಪ್ರಸಂಗ ಎಲ್ಲೂ ಬರಲಿಲ್ಲ. ಎರಡನೇ ಸೆಷನ್‌ಗೂ ಅದನ್ನೇ ಇಟ್ಟೆ, ಒಂದು ಹಲ್ಲನ್ನೂ ಮುಟ್ಟಲಿಲ್ಲ. ತುದಿಯಲ್ಲಿ 7,400 ಬಂತು, 137 ಕಿ.ಮೀ. ಬೈಕ್‌ನಲ್ಲಿ ಏನೂ ಬದಲಾಗಿರಲಿಲ್ಲ. ಹಿಂದಿನ ತಿರುವಿನಿಂದ ಸ್ವಲ್ಪ ಬೇಗ ತ್ರಾಟಲ್ ತೆರೆಯೋಕೆ ಧೈರ್ಯ ಬಂದಿತ್ತು, ಅಷ್ಟೇ. ಊಟದ ನಂತರ 39 ಹಾಕಿದೆ. ಎರಡನೇ ಗೇರ್ ಮಿತಿ 72 ಕಿ.ಮೀ.ಗೆ ಬಂತು, ತಿರುವಿನಿಂದ ನೆಟ್ಟಗಾಗೋಕೆ ಇನ್ನೂ ಜಾಗ ಇತ್ತು. ತುದಿಯಲ್ಲಿ ಆರನೇ ಗೇರಲ್ಲಿ 7,600ರ ಹತ್ತಿರ. ಎಂಜಿನ್ ನೆಮ್ಮದಿಯಾಗಿತ್ತು, ಪ್ಲಗ್ ಬಣ್ಣ ಕಾಫಿಪುಡಿಯದ್ದು. 40 ಮತ್ತು 41 ಡಬ್ಬಿಯಿಂದ ಹೊರಬರಲೇ ಇಲ್ಲ.

ಮಧ್ಯಾಹ್ನದ ಮೇಲೆ ಗಾಳಿ ದಿಕ್ಕು ಬದಲಾಗಬಹುದು, ಅದನ್ನೂ ನೆನಪಿಡಿ. ಅದೇ ಬೈಕ್ ಎದುರುಗಾಳಿಗೆ ಆರನೇ ಗೇರಲ್ಲಿ ಒದ್ದಾಡುತ್ತೆ. ಅದಕ್ಕಾಗಿ ಸ್ಪ್ರಾಕೆಟ್ ಬದಲಿಸಬೇಡಿ, ಐದರಲ್ಲೇ ಇರಿ. ಗಾಳಿಗೆ ಗೇರ್, ಟ್ರ್ಯಾಕ್‌ಗೆ ಸ್ಪ್ರಾಕೆಟ್.

ಕೊನೆಗೊಂದು ಕೆಲಸ. ಮನೆಗೆ ಹೊರಡುವ ಮುನ್ನ ಆ ದಿನದ ಸ್ಪ್ರಾಕೆಟ್, ಜೆಟ್, ಹವಾಮಾನ, ಆ ಮೂರು ಉತ್ತರ, ಎಲ್ಲಾ ಫೋನ್‌ನ ಅದೇ ಶೀಟ್‌ನಲ್ಲಿ ಸೇರಿಸಿ. ಮುಂದಿನ ಸಲ ಹೋಗುವಾಗ ಆ ಟ್ರ್ಯಾಕ್ ನಿಮಗೆ ಹೊಸದಾಗಿರಲ್ಲ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಹೋಗುವ ಪ್ಲಾನ್ ಇದ್ದರೂ ಮೊದಲ ಅಂದಾಜಿಗೆ ಆ ಶೀಟೇ ಆಧಾರ. ಅದು ಸುಮಾರು 2 ಕಿ.ಮೀ.ನ ಚಿಕ್ಕ ಟ್ರ್ಯಾಕ್. ನಿಧಾನದ ತಿರುವು ಹುಡುಕಿ, ತ್ರಿಜ್ಯ ಅಳೆಯಿರಿ, ಎರಡನೇ ಗೇರಿಗೆ ಲೆಕ್ಕ ಹಾಕಿ. ಬಂದ ಉತ್ತರಕ್ಕಿಂತ ಒಂದು ಹಲ್ಲು ಕಡಿಮೆಯದ್ದು ಹಾಕಿಕೊಂಡು ಇಳಿಯಿರಿ. ಉಳಿದದ್ದನ್ನು ಮಧ್ಯಾಹ್ನ ಊಟ ಆದಮೇಲೆ ನೋಡೋಣ.